ಬೆಳೆಯುತ್ತಲೇ ಇರುವ ಹೊರವಲಯ, ಸಾಕಾಗದ ಅನುದಾನ, ಸಿಗದ ಬಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ನಗರಕ್ಕೆ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರುವವರೇ ಜಾಸ್ತಿ ಇರುವ ಊರುಗಳಿವೆ. ನಗರದ ಅಂಚಿನಲ್ಲಿ ಅವು ವೇಗವಾಗಿ ಬೆಳೆಯುತ್ತಿವೆ. ಅಲ್ಲಿನ ಜನ ಮಾತಿಗೆ ಸಿಕ್ಕಾಗ, ಪತ್ರ ಬರೆದಾಗ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಮೊದಲು ಸರಳವಾದವು, ಆಮೇಲೆ ಸ್ವಲ್ಪ ಆಳದವು. ನಿಮಗೆ ಬೇಕಾದ್ದನ್ನಷ್ಟೇ ಓದಿದರೂ ಸಾಕು, ಒಂದೊಂದು ಉತ್ತರವೂ ಅದರಷ್ಟಕ್ಕೆ ಪೂರ್ತಿಯಾಗಿದೆ.

## ಮೊದಲ ಮಾತು

ನಮ್ಮೂರು ಇಷ್ಟು ಬೆಳೀತಿದೆ, ತೆರಿಗೆನೂ ಜಾಸ್ತಿ ಬರ್ತಿರಬೇಕು. ಮತ್ಯಾಕೆ ಯಾವಾಗ ಕೇಳಿದ್ರೂ ದುಡ್ಡಿಲ್ಲ ಅಂತಾರೆ?

ತೆರಿಗೆ ಜಾಸ್ತಿ ಬರುವುದು ನಿಜ. ಆದರೆ ಖರ್ಚು ಅದಕ್ಕಿಂತ ಮುಂಚೆ ಬರುತ್ತದೆ. ಹೊಸ ಬಡಾವಣೆಗೆ ಜನ ಬಂದ ದಿನದಿಂದಲೇ ಕಸ ಎತ್ತಬೇಕು, ನೀರು ಕೊಡಬೇಕು, ಬೀದಿ ದೀಪ ಉರಿಯಬೇಕು. ಆ ಮನೆ ತೆರಿಗೆ ದಾಖಲೆಗೆ ಸೇರಿ, ಬಿಲ್ ಹೋಗಿ, ಹಣ ಕೈಸೇರುವುದು ತಡವಾಗಿ. ಊರು ನಿಧಾನವಾಗಿ ಬೆಳೆದರೆ ಈ ಅಂತರವನ್ನು ಹೇಗೋ ತೂಗಿಸಬಹುದು. ವರ್ಷ ವರ್ಷವೂ ಜೋರಾಗಿ ಬೆಳೆಯುವ ಊರು ಮಾತ್ರ ಯಾವಾಗಲೂ ಹಿಂದೆಯೇ ಇರುತ್ತದೆ.

ಇನ್ನೂ ದೊಡ್ಡ ಕಾರಣ ಬೇರೆ ಇದೆ. ಎಲ್ಲಾ ಕಟ್ಟಡಗಳೂ ಸ್ಥಳೀಯ ಆಡಳಿತಕ್ಕೆ ಒಂದೇ ಥರ ಅಲ್ಲ. ಕಚೇರಿ, ಕಾರ್ಖಾನೆ, ಮಾಲ್‌ಗಳು ಸಾಮಾನ್ಯವಾಗಿ ಜಾಸ್ತಿ ತೆರಿಗೆ ಕೊಡುತ್ತವೆ, ಕಡಿಮೆ ಸೇವೆ ಕೇಳುತ್ತವೆ. ಮನೆಗಳದ್ದು ಹೆಚ್ಚಾಗಿ ಉಲ್ಟಾ. ಮನೆ ಅಂದರೆ ಮಕ್ಕಳು, ಶಾಲೆ, ಆಟದ ಮೈದಾನ, ಆರೋಗ್ಯ ಕೇಂದ್ರ, ವಯಸ್ಸಾದವರ ಆರೈಕೆ. ನಗರದಲ್ಲಿ ಕಚೇರಿಗಳು, ಹೊರವಲಯದಲ್ಲಿ ಮನೆಗಳು ಅಂತ ಹಂಚಿಕೆಯಾದ ಕೂಡಲೇ ವರಮಾನ ಒಂದು ಕಡೆ, ಖರ್ಚು ಇನ್ನೊಂದು ಕಡೆ ಆಗಿಬಿಡುತ್ತದೆ.

ಜನ ಹೆಚ್ಚಾದ್ರೆ ಮೇಲಿನ ಸರ್ಕಾರದ ಅನುದಾನವೂ ತಾನಾಗೇ ಹೆಚ್ಚಲ್ವಾ?

ಹೆಚ್ಚಬೇಕು. ಆದರೆ ಯಾವ ವರ್ಷದ ಜನಸಂಖ್ಯೆ ಹಿಡಿದು ಲೆಕ್ಕ ಹಾಕುತ್ತಾರೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಬಹಳಷ್ಟು ದೇಶಗಳಲ್ಲಿ ಜನಗಣತಿ ಹತ್ತು ವರ್ಷಕ್ಕೊಮ್ಮೆ ಆಗುತ್ತದೆ. ಭಾರತದಲ್ಲಿ 2011ರ ನಂತರದ ಗಣತಿ 2021ಕ್ಕೆ ಆಗಬೇಕಿತ್ತು, ಆಗಲಿಲ್ಲ. ಹಳೆಯ ಅಂಕಿಯೇ ಮುಂದುವರಿಯಿತು. ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಐದು ವರ್ಷಕ್ಕೊಮ್ಮೆ ಎಣಿಸುತ್ತಾರೆ. ಡೆನ್ಮಾರ್ಕ್ 1968ರಲ್ಲೇ ಪ್ರತಿಯೊಬ್ಬ ನಿವಾಸಿಯ ಕೇಂದ್ರ ದಾಖಲೆ ಶುರು ಮಾಡಿತು. 1981ರ ಗಣತಿಯನ್ನು ಪೂರ್ತಿ ಇಂಥ ದಾಖಲೆಗಳಿಂದಲೇ ಮಾಡಿತು. ಮನೆ ಮನೆಗೆ ಹೋಗುವ ಅಗತ್ಯವೇ ಬೀಳಲಿಲ್ಲ.

ಇದು ಸುಮ್ನೆ ಅಂಕಿಅಂಶದವರ ತಲೆನೋವಲ್ಲ. ಜನಸಂಖ್ಯೆ ಸ್ಥಿರವಾಗಿರುವ ಊರಿಗೆ ಹಳೆಯ ಅಂಕಿಯಿಂದ ಏನೂ ನಷ್ಟವಿಲ್ಲ. ಕುಗ್ಗುತ್ತಿರುವ ಊರಿಗೆ ಲಾಭ. ದುಪ್ಪಟ್ಟಾದ ಊರಿಗೆ ಮಾತ್ರ ಅರ್ಧ ಜನ ಕಾಗದದ ಮೇಲೆ ಇಲ್ಲವೇ ಇಲ್ಲ. ಗಣತಿಯ ನಡುವಿನ ವರ್ಷಗಳಲ್ಲಿ ನೀರಿನ ಸಂಪರ್ಕ, ವಿದ್ಯುತ್ ಮೀಟರ್, ಶಾಲಾ ದಾಖಲಾತಿ, ಮುಗಿದ ಕಟ್ಟಡಗಳ ಪ್ರಮಾಣಪತ್ರ ಇವುಗಳಿಂದ ಅಂದಾಜು ಮಾಡಿ, ಪ್ರತಿ ವರ್ಷ ಅನುದಾನ ಸರಿಪಡಿಸಬಹುದು. ನ್ಯಾಯದ ಮೊದಲ ಹೆಜ್ಜೆ ಇದೇ ಅಂತ ನನ್ನ ಗಟ್ಟಿ ನಂಬಿಕೆ. ಜನರನ್ನು ಲೆಕ್ಕಕ್ಕೇ ಹಿಡಿಯದೆ ಯಾವ ಸೂತ್ರ ಬರೆದರೂ ಪ್ರಯೋಜನವಿಲ್ಲ.

ಬಡಾವಣೆಯ ರಸ್ತೆ, ಚರಂಡಿ ಎಲ್ಲಾ ಬಿಲ್ಡರೇ ಮಾಡಿಕೊಟ್ಟಿದ್ದಾರೆ. ಆಡಳಿತಕ್ಕೆ ಏನು ಖರ್ಚು?

ಮಾಡಿಕೊಟ್ಟಿದ್ದು ಒಂದು ಸಲ. ನೋಡಿಕೊಳ್ಳಬೇಕಾದ್ದು ಶಾಶ್ವತವಾಗಿ. ರಸ್ತೆಗೆ ಮತ್ತೆ ಡಾಂಬರು ಹಾಕಬೇಕು, ಪೈಪು ಸೋರುತ್ತದೆ, ದೀಪ ಕೆಡುತ್ತದೆ. ಹೊಸದಾಗಿರುವಾಗ ಯಾವುದಕ್ಕೂ ಖರ್ಚಿಲ್ಲ, ಅದಕ್ಕೇ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಒಂದೇ ಕಾಲದಲ್ಲಿ ಕಟ್ಟಿದ್ದು ಒಂದೇ ಕಾಲದಲ್ಲಿ ಹಳೆಯದೂ ಆಗುತ್ತದೆ. ಆಗ ಬಿಲ್ ಒಟ್ಟಿಗೇ ಬರುತ್ತದೆ.

ಮನೆಗಳು ದೂರ ದೂರ ಇದ್ದಷ್ಟೂ ಒಂದೊಂದು ಮನೆಯ ಪಾಲಿಗೆ ಬರುವ ರಸ್ತೆ, ಪೈಪುಗಳ ಉದ್ದ ಜಾಸ್ತಿ. ಬಡಾವಣೆಗೆ ಒಪ್ಪಿಗೆ ಕೊಡುವಾಗಲೇ ಮುಂದಿನ ಮೂವತ್ತು ವರ್ಷದ ನಿರ್ವಹಣೆಗೆ ಎಷ್ಟು ಬೇಕು, ಅಲ್ಲಿಂದ ಬರುವ ತೆರಿಗೆ ಎಷ್ಟು ಅಂತ ಹೋಲಿಸಿ ನೋಡಬೇಕು. ಇನ್ನೊಂದು ವಿಷಯ ಗಮನಿಸಿ. ಬಿಲ್ಡರ್ ಕಟ್ಟುವ ಅಭಿವೃದ್ಧಿ ಶುಲ್ಕ ಒಂದು ಸಲದ ಹಣ. ಅದರಲ್ಲಿ ಬಸ್ ಸ್ಟಾಪ್ ಕಟ್ಟಬಹುದು. ಡ್ರೈವರ್ ಸಂಬಳವನ್ನು ವರ್ಷಾನುಗಟ್ಟಲೆ ಕೊಡಲು ಆಗುವುದಿಲ್ಲ.

ಟ್ರಾಫಿಕ್ ಜಾಸ್ತಿ ಆಗಿದೆ. ರಸ್ತೆ ಅಗಲ ಮಾಡಿದ್ರೆ ಮುಗೀತಲ್ವಾ?

ಮೊದಲ ಒಂದೆರಡು ವರ್ಷ ಮುಗಿದ ಹಾಗೇ ಅನಿಸುತ್ತದೆ. ಆಮೇಲೆ ಮೊದಲು ಬಸ್ಸಿನಲ್ಲಿ ಹೋಗುತ್ತಿದ್ದವರು ಕಾರು ತೆಗೆಯುತ್ತಾರೆ. ಬೇಗ ಎದ್ದು ಹೋಗುತ್ತಿದ್ದವರು ದಟ್ಟಣೆಯ ಹೊತ್ತಿಗೇ ಹೊರಡುತ್ತಾರೆ. ರಸ್ತೆ ಚೆನ್ನಾಗಿದೆ ಅಂತ ಇನ್ನೂ ದೂರದಲ್ಲಿ ಬಡಾವಣೆಗಳು ಏಳುತ್ತವೆ. ಅಮೆರಿಕದ ಹ್ಯೂಸ್ಟನ್‌ನ ಕೇಟಿ ಫ್ರೀವೇ ಎಂಬ ಹೆದ್ದಾರಿ ಇದಕ್ಕೆ ಹೆಸರಾದ ಉದಾಹರಣೆ. 2008ರಲ್ಲಿ ಅಗಲೀಕರಣ ಮುಗಿದಾಗ, ಪಕ್ಕದ ರಸ್ತೆಗಳೂ ಸೇರಿ ಕೆಲವು ಕಡೆ 26 ಲೇನ್ ಆಯಿತು. ಕೆಲವೇ ವರ್ಷಗಳಲ್ಲಿ ದಟ್ಟಣೆಯ ಹೊತ್ತಿನ ಪ್ರಯಾಣ ಮತ್ತೆ ನಿಧಾನವಾಯಿತು. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಅಲ್ಲಿನ ನಗರ ಪ್ರದೇಶಗಳ ಹೆದ್ದಾರಿಗಳನ್ನು ನೋಡಿ ಇದನ್ನೇ ಹೇಳಿತು. ಲೇನ್ ಎಷ್ಟು ಪಾಲು ಹೆಚ್ಚುತ್ತದೋ ವಾಹನಗಳು ಓಡುವ ಒಟ್ಟು ದೂರವೂ ಹೆಚ್ಚು ಕಡಿಮೆ ಅಷ್ಟೇ ಪಾಲು ಹೆಚ್ಚುತ್ತದೆ.

ಹಾಗಂತ ಯಾವ ರಸ್ತೆಯನ್ನೂ ಮುಟ್ಟಬಾರದು ಅಂತಲ್ಲ. ಕಿರಿದಾದ ಸೇತುವೆ, ಅಪಾಯದ ತಿರುವು, ಫುಟ್‌ಪಾತೇ ಇಲ್ಲದ ರಸ್ತೆ, ಇವನ್ನು ಸರಿ ಮಾಡಲೇಬೇಕು. ಕೇಳಬೇಕಾದ ಪ್ರಶ್ನೆ, ಈ ಜಾಗದಲ್ಲಿ ಗಂಟೆಗೆ ಎಷ್ಟು ಜನ ಹೋಗಬಹುದು ಅನ್ನುವುದು. ಹೆದ್ದಾರಿಯಲ್ಲೂ ಕಾರುಗಳ ಒಂದು ಲೇನಿನಲ್ಲಿ ಗಂಟೆಗೆ ಹೆಚ್ಚೆಂದರೆ ಸುಮಾರು 2000 ವಾಹನ ಹೋಗುತ್ತವೆ, ಹೆಚ್ಚಿನವುಗಳಲ್ಲಿ ಒಬ್ಬರೇ ಇರುತ್ತಾರೆ. ಕೊಲಂಬಿಯಾದ ಬೊಗೋಟಾದಲ್ಲಿ 2000ನೇ ಇಸವಿಯಲ್ಲಿ ಶುರುವಾದ ಟ್ರಾನ್ಸ್‌ಮಿಲೆನಿಯೊ ಬಸ್‌ಗಳಿಗೆ ತಮ್ಮದೇ ಪ್ರತ್ಯೇಕ ಪಥವಿದೆ. ಅಲ್ಲಿನ ಮುಖ್ಯ ಮಾರ್ಗದಲ್ಲಿ ಒಂದು ದಿಕ್ಕಿಗೆ ಗಂಟೆಗೆ 40,000ಕ್ಕಿಂತ ಹೆಚ್ಚು ಜನ ಹೋಗುತ್ತಾರೆ.

ನಮ್ಮ ಕಡೆ ಬಸ್ಸುಗಳು ಖಾಲಿ ಓಡ್ತವೆ. ಅದಕ್ಕೆ ದುಡ್ಡು ಸುರಿಯೋದು ವೇಸ್ಟ್ ಅಲ್ವಾ?

ಯಾವ ಹೊತ್ತಿನ, ಯಾವ ದಿಕ್ಕಿನ ಬಸ್ ಖಾಲಿ ಅಂತ ಮೊದಲು ನೋಡಿ. ಬೆಳಿಗ್ಗೆ ನಗರಕ್ಕೆ ತುಂಬಿ ಹೋದ ಬಸ್ ಇನ್ನೊಂದು ಟ್ರಿಪ್ಪಿಗಾಗಿ ಖಾಲಿಯಾಗೇ ವಾಪಸ್ ಬರಬೇಕು. ಹೊರವಲಯದ ಸಾರಿಗೆಗೆ ಖರ್ಚು ಜಾಸ್ತಿ ಆಗುವುದೇ ಇಲ್ಲಿ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆಗಾಗಿ ಇಷ್ಟೊಂದು ಬಸ್, ಇಷ್ಟೊಂದು ಡ್ರೈವರ್‌ಗಳನ್ನು ಇಡೀ ದಿನ ಇಟ್ಟುಕೊಳ್ಳಬೇಕಾಗುತ್ತದೆ.

ಮಧ್ಯಾಹ್ನ, ರಾತ್ರಿ ಖಾಲಿ ಇದ್ದರೆ ಕಾರಣ ಬೇರೆ ಇರಬಹುದು. ಗಂಟೆಗೊಂದು ಬಸ್ ಇದ್ದರೆ ಅದನ್ನು ನಂಬಿ ಯಾರೂ ದಿನಚರಿ ಕಟ್ಟಿಕೊಳ್ಳುವುದಿಲ್ಲ. ಹತ್ತು, ಹದಿನೈದು ನಿಮಿಷಕ್ಕೊಂದು ಬಂದರೆ ವೇಳಾಪಟ್ಟಿ ನೋಡದೆಯೇ ಜನ ಸ್ಟಾಪಿಗೆ ಹೋಗುತ್ತಾರೆ. ನಾನು ಸದಾ ಹೇಳುವ ಒಂದು ಮಾತಿದೆ: ರಾತ್ರಿಯ ಕೊನೆಯ ಬಸ್ ಬೆಳಗಿನ ಬಸ್ಸನ್ನು ತುಂಬಿಸುತ್ತದೆ. ತಡವಾದರೆ ವಾಪಸ್ ಬರುವುದು ಹೇಗೆ ಅನ್ನುವ ಭಯ ಇದ್ದವರು ಬೆಳಿಗ್ಗೆಯೇ ಕಾರು ತೆಗೆಯುತ್ತಾರೆ. ರಾತ್ರಿ ಒಂಬತ್ತೂವರೆಯ ಬಸ್ಸಿನಲ್ಲಿ ನಾಲ್ಕೇ ಜನ ಇರಬಹುದು. ಅದನ್ನು ನಿಲ್ಲಿಸಿದರೆ ಬೆಳಗಿನ ಎಂಟು ಗಂಟೆಯ ಬಸ್ಸಿನಲ್ಲೂ ಜನ ಕಡಿಮೆಯಾಗುತ್ತಾರೆ. ಹಾಗೆ ಒಂದೊಂದೇ ಟ್ರಿಪ್ ಕಡಿತ ಮಾಡುತ್ತಾ ಇಡೀ ಮಾರ್ಗವೇ ಸಾಯುತ್ತದೆ.

## ಯಾರು ಕೊಡಬೇಕು, ಎಷ್ಟು ಕೊಡಬೇಕು

ನಾವು ದುಡಿಯೋದು ನಗರದಲ್ಲಿ. ಕಂಪನಿಗಳ ತೆರಿಗೆ ಅಲ್ಲೇ ಉಳಿಯುತ್ತೆ. ಅದರಲ್ಲಿ ನಮ್ಮೂರಿಗೂ ಪಾಲು ಕೇಳೋದು ಸರೀನಾ?

ಖಂಡಿತ ಸರಿ. ನಗರದ ಕಂಪನಿಗೆ ಕೆಲಸಗಾರರು ಬೇಕು. ಆ ಕೆಲಸಗಾರರ ಮಕ್ಕಳಿಗೆ ಶಾಲೆ, ಮನೆಗೆ ನೀರು ಒದಗಿಸುವುದು ಹೊರವಲಯದ ಊರು. ಕೇಳಲು ಹಿಂಜರಿಯಬೇಕಾಗಿಲ್ಲ. ಇದನ್ನು ಮಾಡಿ ತೋರಿಸಿದವರಿದ್ದಾರೆ.

ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಕೆಲಸ ಮಾಡುವ ತುಂಬಾ ಜನ ಗಡಿಯಾಚೆ ಫ್ರಾನ್ಸಿನಲ್ಲಿ ವಾಸವಾಗಿದ್ದಾರೆ. 1973ರ ಒಪ್ಪಂದದ ಪ್ರಕಾರ, ಅವರ ಒಟ್ಟು ಸಂಬಳದ ಶೇ 3.5ರಷ್ಟು ಮೊತ್ತವನ್ನು ಜಿನೀವಾ ಅವರು ವಾಸವಿರುವ ಫ್ರೆಂಚ್ ಪ್ರದೇಶಗಳಿಗೆ ಕೊಡುತ್ತದೆ. ಎರಡು ದೇಶಗಳ ನಡುವೆಯೇ ಇದು ಸಾಧ್ಯವಾದರೆ, ಪಕ್ಕಪಕ್ಕದ ಎರಡು ಪುರಸಭೆಗಳ ನಡುವೆ ಯಾಕಾಗಬಾರದು?

ಅಮೆರಿಕದ ಮಿನ್ನೆಸೋಟ ರಾಜ್ಯ 1971ರಲ್ಲಿ ಬೇರೆ ದಾರಿ ಹಿಡಿಯಿತು. ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಸುತ್ತಲಿನ ಏಳು ಕೌಂಟಿಗಳಲ್ಲಿ ಎಲ್ಲೇ ಹೊಸ ವಾಣಿಜ್ಯ, ಕೈಗಾರಿಕಾ ಆಸ್ತಿ ಬೆಳೆದರೂ, ಆ ಬೆಳವಣಿಗೆಯಿಂದ ಬರುವ ತೆರಿಗೆ ಮೂಲದ (ಅಂದರೆ ತೆರಿಗೆ ಹಾಕಬಹುದಾದ ಮೌಲ್ಯದ) ಶೇ 40 ಭಾಗ ಒಂದು ಸಾಮಾನ್ಯ ನಿಧಿಗೆ ಸೇರುತ್ತದೆ. ಅಲ್ಲಿಂದ ಎಲ್ಲಾ ಊರುಗಳಿಗೆ ಹಂಚುತ್ತಾರೆ, ಆಸ್ತಿ ಮೌಲ್ಯ ಕಡಿಮೆ ಇರುವ ಕಡೆಗೆ ಜಾಸ್ತಿ. ಇದರಲ್ಲಿ ನನಗೆ ತುಂಬಾ ಹಿಡಿಸುವುದು ಒಂದು ಅಂಶ. ಯಾರಿಂದಲೂ ಈಗಿರುವುದನ್ನು ಕಿತ್ತುಕೊಳ್ಳುವುದಿಲ್ಲ, ಹೊಸದಾಗಿ ಬಂದದ್ದರಲ್ಲಿ ಮಾತ್ರ ಪಾಲು. ಕಂಪನಿಯನ್ನು ತಮ್ಮೂರಿಗೇ ಎಳೆಯಬೇಕು ಅಂತ ಪಕ್ಕದೂರಿನ ಜೊತೆ ಪೈಪೋಟಿಗೆ ಬಿದ್ದು ರಿಯಾಯಿತಿ ಕೊಡುವ ಚಟವೂ ಕಡಿಮೆಯಾಗುತ್ತದೆ.

ನಮ್ಮದು ಶ್ರೀಮಂತರ ಪ್ರದೇಶ ಅಂತ ಅನುದಾನ ಕಡಿಮೆ ಮಾಡಿದ್ದಾರೆ. ಇದು ನ್ಯಾಯವಾ?

ಅರ್ಧ ನ್ಯಾಯ. ತಾವೇ ವರಮಾನ ಎತ್ತಬಲ್ಲ ಊರಿಗೆ ಕಡಿಮೆ, ಎತ್ತಲಾಗದ ಊರಿಗೆ ಜಾಸ್ತಿ ಕೊಡುವುದು ಸರಿಯಾದ ತತ್ವವೇ. ಹೊರವಲಯದ ಸಂಘಟನೆಗಳು ಈ ತತ್ವವನ್ನೇ ವಿರೋಧಿಸಿದಾಗ ನಾನು ಅವರ ಜೊತೆ ನಿಲ್ಲುವುದಿಲ್ಲ. ಬಡ ಊರಿನ ಮಗುವಿಗೂ ಅಷ್ಟೇ ಒಳ್ಳೆಯ ಶಾಲೆ ಬೇಕು.

ತಪ್ಪಾಗುವುದು ಅಳತೆಯಲ್ಲಿ. ಸರಾಸರಿ ಸಂಬಳ ಚೆನ್ನಾಗಿದೆ ಅಂತ ಊರಿನ ಖಜಾನೆ ತುಂಬಿದೆ ಅಂತಲ್ಲ. ಜನರ ಆದಾಯ ತೆರಿಗೆ ಮೇಲಿನ ಸರ್ಕಾರಕ್ಕೆ ಹೋಗುವ ಕಡೆ, ಅವರ ಸಂಬಳ ಏರಿದರೂ ಪುರಸಭೆಗೆ ಒಂದು ಬಿಡಿಗಾಸೂ ಜಾಸ್ತಿ ಸಿಗುವುದಿಲ್ಲ. ಸರಿಯಾದ ಸೂತ್ರ ಎರಡನ್ನೂ ಅಳೆಯಬೇಕು: ಊರು ಎಷ್ಟು ವರಮಾನ ಎತ್ತಬಲ್ಲದು, ಒಂದು ಮಟ್ಟದ ಸೇವೆ ಕೊಡಲು ಅದಕ್ಕೆ ಎಷ್ಟು ಖರ್ಚಾಗುತ್ತದೆ. ಆಸ್ಟ್ರೇಲಿಯಾದಲ್ಲಿ 1933ರಲ್ಲಿ ಸ್ಥಾಪನೆಯಾದ ಕಾಮನ್‌ವೆಲ್ತ್ ಗ್ರಾಂಟ್ಸ್ ಕಮಿಷನ್ ಈಗ ರಾಜ್ಯಗಳ ನಡುವೆ ಹಂಚುವಾಗ ಎರಡನ್ನೂ ನೋಡುತ್ತದೆ. ವರಮಾನ ಅಂದಾಗಲೂ ಎಷ್ಟು ಎತ್ತಿದರು ಅಂತ ನೋಡಬಾರದು, ಎಷ್ಟು ಎತ್ತಬಹುದಿತ್ತು ಅಂತ ನೋಡಬೇಕು. ಇಲ್ಲದಿದ್ದರೆ ತೆರಿಗೆ ವಸೂಲಿ ಮಾಡದೆ ಕೂತವರಿಗೇ ಬಹುಮಾನ ಕೊಟ್ಟಂತಾಗುತ್ತದೆ.

ಆಸ್ತಿ ತೆರಿಗೆ ಏರಿಸದೇ ಇದನ್ನೆಲ್ಲಾ ಸರಿ ಮಾಡೋಕೆ ಆಗಲ್ವಾ?

ಪೂರ್ತಿ ಆಗುವುದಿಲ್ಲ. ಆದರೆ ದರ ಏರಿಸುವ ಮುಂಚೆ ಮೌಲ್ಯಮಾಪನ ಸರಿ ಮಾಡಬೇಕು. ಇಂಗ್ಲೆಂಡಿನಲ್ಲಿ ಮನೆಗಳ ಮೇಲಿನ ಸ್ಥಳೀಯ ತೆರಿಗೆಯಾದ ಕೌನ್ಸಿಲ್ ಟ್ಯಾಕ್ಸ್ ಈಗಲೂ 1991ರ ಮೌಲ್ಯದ ಮೇಲೇ ನಿಂತಿದೆ. ಆಮೇಲೆ ಕಟ್ಟಿದ ಮನೆಗೂ 1991ರಲ್ಲಿ ಎಷ್ಟು ಬೆಲೆ ಇರುತ್ತಿತ್ತು ಅಂತ ಊಹಿಸಿ ತೆರಿಗೆ ಹಾಕುತ್ತಾರೆ! ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಜನಮತದಿಂದ ಬಂದ ಪ್ರಾಪೊಸಿಷನ್ 13 ಎಂಬ ಕಾನೂನು ಆಸ್ತಿ ತೆರಿಗೆಯನ್ನು ಮೌಲ್ಯದ ಶೇ 1ಕ್ಕೆ ಕಟ್ಟಿಹಾಕಿತು. ಮನೆ ಮಾರಾಟ ಆಗುವವರೆಗೆ ತೆರಿಗೆಯ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಏರುವ ಹಾಗಿಲ್ಲ. ಇದರಿಂದ ಒಂದೇ ಥರದ ಅಕ್ಕಪಕ್ಕದ ಮನೆಗಳಲ್ಲಿ ಹೊಸದಾಗಿ ಕೊಂಡವರು ಹಳಬರಿಗಿಂತ ಎಷ್ಟೋ ಪಟ್ಟು ತೆರಿಗೆ ಕಟ್ಟುವಂತಾಯಿತು. ಮಾರಾಟ ತೆರಿಗೆಯ ಆಸೆಗೆ ಅಲ್ಲಿನ ಎಷ್ಟೋ ಊರುಗಳು ಮನೆಗಿಂತ ಮಾಲ್‌ಗೇ ಜಾಗ ಕೊಡತೊಡಗಿದವು.

ಮೌಲ್ಯ ಏರಿದರೂ ಕೈಯಲ್ಲಿ ಹಣವಿಲ್ಲದ ವೃದ್ಧರಿರುತ್ತಾರೆ. ಅವರಿಗೆ ತೆರಿಗೆಯನ್ನು ಮುಂದೂಡಿ, ಮನೆ ಮಾರಾಟವಾದಾಗ ಪಡೆಯುವ ವ್ಯವಸ್ಥೆ ಮಾಡಬಹುದು. ಅವರ ಹೆಸರು ಹೇಳಿ ಎಲ್ಲರ ಮೌಲ್ಯಮಾಪನವನ್ನೂ ನಿಲ್ಲಿಸುವುದು ಮೋಸ.

ನಾವು ಹಳೇ ಊರಿನವರು. ಹೊಸಬರಿಗಾಗಿ ನಾವ್ಯಾಕೆ ಕೊಡಬೇಕು?

ಹೊಸ ಬಡಾವಣೆಯೊಳಗಿನ ರಸ್ತೆ, ಪೈಪಿಗೆ ನೀವು ಕೊಡಬೇಕಾಗಿಲ್ಲ. ಅದು ಹೊಸ ಜಾಗದ ಬೆಲೆಯಿಂದಲೇ ಬರಬೇಕು. ಆದರೆ ಹೊಸಬರು ಬಂದದ್ದರಿಂದಲೇ ನಿಮ್ಮ ರೈಲು ನಿಲ್ದಾಣ ಮುಚ್ಚದೆ ಉಳಿದಿರಬಹುದು, ನಿಮ್ಮ ಜಾಗಕ್ಕೂ ಬೆಲೆ ಬಂದಿರಬಹುದು. ಊರಿಗೆಲ್ಲಾ ಸೇರಿದ ಸೇವೆಗೆ ಊರಿನವರೆಲ್ಲಾ ಕೊಡಬೇಕು.

ಮೊದಲು ಮನೆನಾ, ಮೊದಲು ಬಸ್ಸಾ? ಜನ ಇಲ್ಲದ ಕಡೆ ಬಸ್ ಬಿಡೋಕೆ ಆಗುತ್ತಾ?

ಮೊದಲು ಬಸ್. ಮೊದಲ ಕುಟುಂಬ ಬೀಗದ ಕೈ ಪಡೆದ ವಾರವೇ ಬಸ್ ಓಡಬೇಕು. ಹೊಸ ಮನೆಗೆ ಬಂದಾಗ ಜನ ಎಲ್ಲಾ ಅಭ್ಯಾಸಗಳನ್ನೂ ಹೊಸದಾಗಿ ಕಟ್ಟಿಕೊಳ್ಳುತ್ತಾರೆ. ಆಗ ಬಸ್ ಇಲ್ಲದಿದ್ದರೆ ಎರಡನೇ ಕಾರಿಗೆ ಸಾಲ ಮಾಡುತ್ತಾರೆ. ಒಮ್ಮೆ ಕಾರು ಬಂದ ಮೇಲೆ, ಮೂರು ವರ್ಷ ಬಿಟ್ಟು ಬಂದ ಬಸ್ಸಿಗೆ ಅವರು ಹತ್ತುವುದು ಕಷ್ಟ.

ಡೆನ್ಮಾರ್ಕಿನ ಕೋಪನ್‌ಹೇಗನ್ 1947ರಲ್ಲೇ 'ಬೆರಳು ಯೋಜನೆ' ಮಾಡಿಕೊಂಡಿತು. ಹಳೆಯ ನಗರ ಅಂಗೈ. ಅಲ್ಲಿಂದ ಹೊರಟ ಉಪನಗರ ರೈಲು ಮಾರ್ಗಗಳು ಬೆರಳುಗಳು. ಬೆಳವಣಿಗೆ ಬೆರಳುಗಳ ಗುಂಟ ಮಾತ್ರ, ನಡುವೆ ಹಸಿರು. ದೊಡ್ಡ ಕಚೇರಿಗಳು ನಿಲ್ದಾಣದಿಂದ 600 ಮೀಟರ್ ಒಳಗೇ ಇರಬೇಕು ಅಂತ ಆಮೇಲೆ ನಿಯಮವೂ ಬಂತು. ಜಪಾನಿನ ಒಸಾಕಾದ ಬಳಿ ಇಚಿಜೊ ಕೊಬಾಯಾಶಿ ಎಂಬ ಉದ್ಯಮಿ 1910ರಲ್ಲಿ ಜನ ಕಡಿಮೆ ಇದ್ದ ಕಡೆಗೇ ರೈಲು ಹಾಕಿಸಿದರು. ಅದರ ಬದಿಯಲ್ಲಿ ಮನೆ ಕಟ್ಟಿಸಿ ಸಂಬಳದಾರರಿಗೆ ಕಂತಿನಲ್ಲಿ ಮಾರಿದರು. ಇಂದಿನ ಹಂಕ್ಯೂ ರೈಲ್ವೆ ಅಲ್ಲಿಂದಲೇ ಬೆಳೆದದ್ದು.

## ಇನ್ನೂ ಆಳಕ್ಕೆ

ರೈಲು ಬಂದ್ರೆ ಸುತ್ತಲಿನ ಜಾಗದ ಬೆಲೆ ಏರುತ್ತೆ. ಆ ಲಾಭದಿಂದಲೇ ರೈಲು ಕಟ್ಟಬಾರದಾ?

ಕಟ್ಟಬಹುದು. ಹಾಂಗ್‌ಕಾಂಗ್‌ನ ಮೆಟ್ರೊ ರೈಲು ಸಂಸ್ಥೆ ಎಂಟಿಆರ್ ಇದಕ್ಕೆ ದೊಡ್ಡ ಉದಾಹರಣೆ. ನಿಲ್ದಾಣದ ಮೇಲಿನ, ಸುತ್ತಲಿನ ಜಾಗವನ್ನು ಅಭಿವೃದ್ಧಿ ಮಾಡುವ ಹಕ್ಕನ್ನು ಸರ್ಕಾರ ರೈಲು ಬರುವ ಮುಂಚಿನ ಬೆಲೆಗೆ ಕೊಡುತ್ತದೆ. ರೈಲು ಬಂದ ಮೇಲೆ ಏರಿದ ಬೆಲೆಯ ಲಾಭದಿಂದ ಮಾರ್ಗದ ಖರ್ಚು ಹುಟ್ಟುತ್ತದೆ. ಲಂಡನ್ನಿನಲ್ಲಿ ಕ್ರಾಸ್‌ರೈಲ್ ಎಂಬ ಹೊಸ ರೈಲು ಮಾರ್ಗದ ಯೋಜನೆಗೆ 2010ರಿಂದ ದೊಡ್ಡ ವಾಣಿಜ್ಯ ಕಟ್ಟಡಗಳ ಮೇಲೆ ಹೆಚ್ಚುವರಿ ತೆರಿಗೆ ಹಾಕಿದರು. ರೈಲು ಓಡಿದ್ದು 2022ರಲ್ಲಿ. ಫ್ರಾನ್ಸಿನಲ್ಲಿ ಇನ್ನೊಂದು ದಾರಿ ಇದೆ. 1971ರಲ್ಲಿ ಪ್ಯಾರಿಸ್ ಪ್ರದೇಶದಲ್ಲಿ ಶುರುವಾದ ಸಾರಿಗೆ ತೆರಿಗೆಯನ್ನು ಉದ್ಯೋಗದಾತರು ಕಟ್ಟುತ್ತಾರೆ. ಈಗ 11 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಸಂಸ್ಥೆಗಳಿಗೆ ಇದು ಅನ್ವಯ. ಆ ಹಣ ಸಾರಿಗೆಗೇ ಹೋಗುತ್ತದೆ, ಬಸ್ ಓಡಿಸುವ ದಿನನಿತ್ಯದ ಖರ್ಚಿಗೂ ಬಳಸಬಹುದು. ಹೊರವಲಯಕ್ಕೆ ಕೊರತೆ ಇರುವುದೇ ಇಂಥ ಪ್ರತಿ ವರ್ಷ ಬರುವ ಹಣಕ್ಕೆ. ಅದಕ್ಕೇ ಈ ಮೂರರಲ್ಲಿ ನನ್ನ ಮತ ಫ್ರೆಂಚ್ ದಾರಿಗೆ.

ಜಾಗದ ಲಾಭದ ದಾರಿಗೆ ಒಂದು ಮಿತಿ ಇದೆ. ಹಾಂಗ್‌ಕಾಂಗ್‌ನಲ್ಲಿ ಜಾಗ ಸರ್ಕಾರದ್ದು, ಬೇಡಿಕೆ ವಿಪರೀತ. ರೈಲು ಬರುವ ಸುದ್ದಿ ತಿಳಿದು ಜಾಗ ಮೊದಲೇ ಖಾಸಗಿಯವರ ಕೈಸೇರಿದ್ದರೆ ಲಾಭ ಅವರದ್ದೇ. ಮಾರ್ಗ ಘೋಷಿಸುವ ಮುಂಚೆಯೇ ಶುಲ್ಕದ ನಿಯಮ ಬರಬೇಕು.

ನಗರದೊಳಗೆ ಬರೋ ಕಾರಿಗೆ ಶುಲ್ಕ ಹಾಕ್ತಾರಂತೆ. ಹೊರಗಿನಿಂದ ಬರೋ ನಮಗೆ ಇದು ಶಿಕ್ಷೆ ಅಲ್ವಾ?

ಬೇರೆ ದಾರಿ ಕೊಡದೆ ಹಾಕಿದರೆ ಶಿಕ್ಷೆಯೇ. ಸ್ವೀಡನ್ನಿನ ಸ್ಟಾಕ್‌ಹೋಮ್ 2006ರ ಜನವರಿಯಲ್ಲಿ ಪ್ರಯೋಗವಾಗಿ ಶುಲ್ಕ ಹಾಕಿತು. ಹೊಸ ಬಸ್ಸುಗಳು ಓಡತೊಡಗಿದ್ದು ಅದಕ್ಕೂ ಮುಂಚೆ, 2005ರ ಆಗಸ್ಟ್‌ನಲ್ಲಿ. ಶುಲ್ಕದ ಗಡಿ ದಾಟುವ ವಾಹನಗಳು ಸುಮಾರು ಐದನೇ ಒಂದು ಭಾಗ ಕಡಿಮೆಯಾದವು. ಆ ಸೆಪ್ಟೆಂಬರ್‌ನಲ್ಲಿ ನಡೆದ ಮತದಾನದಲ್ಲಿ ನಗರದವರು ಒಪ್ಪಿದರು. ಸುತ್ತಲಿನ ಹಲವು ಪುರಸಭೆಗಳೂ ಮತದಾನ ನಡೆಸಿದವು, ಅಲ್ಲಿ ಒಟ್ಟಾರೆ ಬೇಡ ಅಂದವರೇ ಜಾಸ್ತಿ. 2007ರ ಆಗಸ್ಟ್‌ನಲ್ಲಿ ಶುಲ್ಕ ಕಾಯಂ ಆಯಿತು. ಹೊರವಲಯದವರ ಸಿಟ್ಟಿಗೆ ಅರ್ಥವಿದೆ. ಶುಲ್ಕ ಅವರೂ ಕೊಡುತ್ತಾರೆ, ನಿರ್ಧಾರ ನಗರದ್ದು. ಹಾಗಾಗಿ ಹಣದ ಒಂದು ಖಚಿತ ಪಾಲು ಹೊರವಲಯದ ಬಸ್, ರೈಲಿಗೇ ಅಂತ ಕಾನೂನಿನಲ್ಲೇ ಬರೆಯಬೇಕು. ಹಾಗೆ ಬರೆದರೆ ಇಂಥ ಶುಲ್ಕವನ್ನು ಹೊರವಲಯದವರೇ ಬೆಂಬಲಿಸಬಹುದು.

ಟಿಕೆಟ್ಟೇ ಬೇಡ, ಬಸ್ ಉಚಿತ ಮಾಡಿಬಿಟ್ರೆ?

ಎಸ್ಟೋನಿಯಾದ ರಾಜಧಾನಿ ಟಾಲಿನ್ 2013ರಲ್ಲಿ ತನ್ನ ನೋಂದಾಯಿತ ನಿವಾಸಿಗಳಿಗೆ ಉಚಿತ ಮಾಡಿತು. ಅಲ್ಲಿ ಆದಾಯ ತೆರಿಗೆಯ ಒಂದು ಪಾಲು ವ್ಯಕ್ತಿ ನೋಂದಾಯಿಸಿಕೊಂಡ ಊರಿಗೆ ಹೋಗುತ್ತದೆ. ಉಚಿತ ಪ್ರಯಾಣಕ್ಕಾಗಿ ತುಂಬಾ ಜನ ಟಾಲಿನ್‌ನಲ್ಲಿ ಹೆಸರು ಬರೆಸಿದರು. ನಗರದ ವರಮಾನ ಏರಿತು. ಆ ಜನ ನಿಜಕ್ಕೂ ಪಕ್ಕದ ಊರಿನಲ್ಲೇ ವಾಸವಿದ್ದರೆ ನಷ್ಟ ಆ ಊರಿಗೆ. ಹೊರವಲಯದಲ್ಲಿ ಜನ ಬಸ್ ಹತ್ತದಿರಲು ಸಾಮಾನ್ಯವಾಗಿ ಟಿಕೆಟ್ ದರಕ್ಕಿಂತ ಬಸ್ಸೇ ಇಲ್ಲದಿರುವುದು ಕಾರಣ. ಕೈಯಲ್ಲಿ ಸೀಮಿತ ಹಣವಿದ್ದರೆ ಮೊದಲು ಬಸ್ ಸಂಖ್ಯೆ ಹೆಚ್ಚಿಸಿ, ಬಡವರಿಗೆ ಮತ್ತು ವಿದ್ಯಾರ್ಥಿಗಳಿಗೆ ಪಾಸ್ ಕೊಡಿ.

ನಮ್ಮ ಬಸ್ ನಾಲ್ಕು ಊರು ದಾಟಿ ಹೋಗುತ್ತೆ. ಖರ್ಚು ಹಂಚೋದು ಯಾರು?

ಒಬ್ಬರೂ ಹೊಣೆ ಹೊರದಿದ್ದರೆ ಬಸ್ ಊರಿನ ಗಡಿಯಲ್ಲೇ ನಿಲ್ಲುತ್ತದೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1965ರಲ್ಲಿ ಬೇರೆ ಬೇರೆ ಸಾರಿಗೆ ಸಂಸ್ಥೆಗಳು ಒಂದು ಒಕ್ಕೂಟ ಮಾಡಿಕೊಂಡವು. ಒಂದೇ ಟಿಕೆಟ್, ಒಂದೇ ವೇಳಾಪಟ್ಟಿ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 1990ರಿಂದ ಇರುವ ಒಕ್ಕೂಟದಲ್ಲಿ, ಟಿಕೆಟ್ ಹಣ ಸಾಲದೆ ಉಳಿದ ಕೊರತೆಯ ಅರ್ಧವನ್ನು ಅಲ್ಲಿನ ರಾಜ್ಯ ಸರ್ಕಾರ ಕೊಡುತ್ತದೆ. ಉಳಿದರ್ಧವನ್ನು ಊರುಗಳು ಹಂಚಿಕೊಳ್ಳುತ್ತವೆ. ಊರಿಗೆ ಎಷ್ಟು ಸೇವೆ ಸಿಗುತ್ತದೆ, ಅದರ ತೆರಿಗೆ ಶಕ್ತಿ ಎಷ್ಟು ಅಂತ ಎರಡನ್ನೂ ನೋಡಿ ಪಾಲು ನಿರ್ಧಾರವಾಗುತ್ತದೆ. ಸೇವೆ ಜಾಸ್ತಿ ಬೇಕಾದವರು ಜಾಸ್ತಿ ಕೊಡುತ್ತಾರೆ, ಶಕ್ತಿ ಕಡಿಮೆ ಇರುವ ಊರಿಗೆ ಹೊರೆ ಕಡಿಮೆ. ಇಷ್ಟು ಸರಳವಾಗಿ ಜನರಿಗೆ ವಿವರಿಸಬಹುದಾದ ಸೂತ್ರ ತುಂಬಾ ಅಪರೂಪ.

ಪ್ರಸ್ತಾವನೆ ಬರೆದು ಬೇರೆ ಊರುಗಳ ಜೊತೆ ಸ್ಪರ್ಧಿಸಿ ಅನುದಾನ ಗೆಲ್ಲಬೇಕಂತೆ. ಇದು ಒಳ್ಳೇದಾ?

ನನಗೆ ಒಪ್ಪಿಗೆ ಇಲ್ಲ. ಚೆನ್ನಾಗಿ ಬರೆಯಬಲ್ಲ ಸಿಬ್ಬಂದಿ ಇರುವ ದೊಡ್ಡ ಊರು ಗೆಲ್ಲುತ್ತದೆ, ಅಗತ್ಯ ಜಾಸ್ತಿ ಇರುವ ಊರು ಸೋಲುತ್ತದೆ. ಗೆದ್ದರೂ ಒಂದು ವರ್ಷದ ಹಣ. ಡ್ರೈವರ್ ನೇಮಕ, ಬಸ್ ಖರೀದಿಗೆ ಐದಾರು ವರ್ಷದ ಭರವಸೆ ಬೇಕು. ಹೊಸ ಪ್ರಯೋಗಗಳಿಗೆ ಸ್ಪರ್ಧೆ ಇರಲಿ, ದಿನನಿತ್ಯದ ಸೇವೆಗೆ ಸೂತ್ರದ ಪ್ರಕಾರವೇ ಹಣ ಬರಲಿ.

ನಾನೊಬ್ಬ ಸಾಮಾನ್ಯ ನಿವಾಸಿ. ಬಜೆಟ್ ಸಭೆಗೆ ಹೋದ್ರೆ ಏನು ಕೇಳಲಿ?

'ನಮಗೆ ಅನ್ಯಾಯ ಆಗಿದೆ' ಅಂದರೆ ಎಲ್ಲರೂ ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋಗುತ್ತಾರೆ. ಅಂಕಿ ಕೇಳಿ. ನಮ್ಮ ಅನುದಾನವನ್ನು ಯಾವ ವರ್ಷದ ಜನಸಂಖ್ಯೆಯ ಮೇಲೆ ಲೆಕ್ಕ ಹಾಕಿದ್ದಾರೆ? ಈಗ ನೀರಿನ ಸಂಪರ್ಕ ಎಷ್ಟಿದೆ? ಈ ಎರಡು ಪ್ರಶ್ನೆಯಿಂದಲೇ ಅಂತರ ಬಯಲಾಗುತ್ತದೆ. ಬಿಲ್ಡರ್‌ಗಳಿಂದ ಬಂದ ಶುಲ್ಕದಲ್ಲಿ ಎಷ್ಟು ಖರ್ಚಾಗಿದೆ, ಎಷ್ಟು ಬ್ಯಾಂಕಿನಲ್ಲೇ ಇದೆ ಅಂತಲೂ ಕೇಳಿ. ಎಷ್ಟೋ ಕಡೆ ಶುಲ್ಕ ಬಂದಿರುತ್ತದೆ, ಅದಕ್ಕೆ ಯೋಜನೆಯೇ ಇರುವುದಿಲ್ಲ. ಒಪ್ಪಿಗೆ ಸಿಕ್ಕಿ ಇನ್ನೂ ಕಟ್ಟದ ಮನೆಗಳು ಎಷ್ಟು, ಅವುಗಳಿಗೆ ಬಸ್ ಯಾವ ತಿಂಗಳಿಂದ ಅಂತ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.

ಪಕ್ಕದ ಊರಿನವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಒಂದೇ ಊರು ಕೇಳಿದರೆ ಮೇಲಿನ ಸರ್ಕಾರಕ್ಕೆ ಅದು ಒಂದು ಊರಿನ ಗೋಳು. ಒಂದೇ ಮಾರ್ಗದ ಬಸ್ ಹಿಡಿಯುವ ನಾಲ್ಕು ಊರಿನವರು ಒಂದೇ ಪತ್ರಕ್ಕೆ ಸಹಿ ಹಾಕಿದರೆ ಅದು ಒಂದು ಮಾರ್ಗದ ಬೇಡಿಕೆ, ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.